ಭೂಪದಲ್ಲಿ ಮಧ್ಯಮ

“ತಪ್ಪು! ಮತ್ತ ಸರಿಯಾಗಿ ಹಾಡಿದಿ!” ಎಂದು ಅಮೋಘಸಿದ್ದ ಮಾಸ್ತರರು ಹಾರ್ಮೋನಿಯಂ ಪೇಟಿಯ ಮೇಲೆ ಗುದ್ದಿದರು.

ಬಾಳವ್ವ ನಾಲಿಗೆ ಕಚ್ಚಿಕೊಂಡಳು. “ಏನ ಮಾಡ್ಲಿರಿ ಮಾಸ್ತರ? ದನಿ ತಾನ ಹೋಗಿ ಸುರಕ್ಕ ಕೂಡತೈತಿ.”

“ಕೂಡಬಾರದು. ನಾಳೆ ಬೇಸೂರ ಆಗಬೇಕು. ಭೂಪದಾಗ ಮಧ್ಯಮ ಹಚ್ಚು.”

ಭೂಪ ರಾಗದಲ್ಲಿ ಮಧ್ಯಮ ಸ್ವರಕ್ಕೆ ಜಾಗವಿಲ್ಲ. ಹಚ್ಚಿದರೆ ಶಿರಾದಲ್ಲಿ ಹಸಿಮೆಣಸಿನಕಾಯಿ ಕಡಿದ ಹಾಗೆ. ಮಾಸ್ತರರಿಗೆ ಬೇಕಾದದ್ದು ಅದೇ.

ಆ ದಿನ ಬೆಳಿಗ್ಗೆ ಅವರು ರೋಣದ ಬಸ್ಸಿನಿಂದ ಗಜೇಂದ್ರಗಡದಲ್ಲಿಳಿದು ಪಾಠಕ್ಕೆ ಬಂದಾಗ ಬಾಳವ್ವ ಅಳುತ್ತ ಕುಳಿತಿದ್ದಳು. ಅಪ್ಪ ಗೋಣೆಪ್ಪ ಮಗ್ಗ ನಿಲ್ಲಿಸಿ ಜಮಖಾನೆ ಝಾಡಿಸುತ್ತಿದ್ದ. ಅವ್ವ ಶಿರಾಕ್ಕೆಂದು ರವೆ ತರಿಸಿದ್ದಳು. ನಾಳೆ ನರಗುಂದದಿಂದ ಯಾರೋ ಬರುತ್ತಾರಂತೆ, ಅವರ ಮುಂದೆ ಅವಳು ಹಾಡಬೇಕಂತೆ. ಹದಿನೇಳು ತುಂಬಿದ ಹುಡುಗಿಯ ಮನೆಗೆ ಜಮಖಾನೆ ಹಾಸಿಸಿಕೊಂಡು ಬರುವವರು ಇನ್ನಾರು?

“ನನಗ ಲಗ್ನ ಬ್ಯಾಡ್ರಿ. ನಾ ಹಾಡಬೇಕು,” ಎಂದಳು ಬಾಳವ್ವ.

ಮಾಸ್ತರರು ಪೇಟಿ ಕೆಳಗಿಟ್ಟು ಅಲ್ಲೇ ಕುಳಿತುಬಿಟ್ಟರು. ಈ ವ್ಯವಹಾರವನ್ನು ಅವರಷ್ಟು ಬಲ್ಲವರು ಯಾರೂ ಇರಲಿಲ್ಲ. ಒಂದು ಕಾಲಕ್ಕೆ ನಾಟಕ ಕಂಪನಿಯಲ್ಲಿ ಕಿರೀಟ ಇಟ್ಟುಕೊಂಡು ಹಾಡಿ ‘ಒನ್ಸ್ ಮೋರ್’ ಗಿಟ್ಟಿಸಿದವರು. ರೋಣದ ಕ್ಯಾಂಪಿನಲ್ಲಿ ಕಂಪನಿ ಮುರಿದುಬಿತ್ತು. ಅರಸನ ಪಾಲಿಗೆ ಒಂದು ಪೇಟಿ ಉಳಿಯಿತು. ಅಂದಿನಿಂದ ರೋಣ, ನರಗುಂದ, ಗಜೇಂದ್ರಗಡ ಎಂದು ತಿರುಗಿ ಹುಡುಗಿಯರಿಗೆ ಹಾಡು ಕಲಿಸುತ್ತಿದ್ದರು. ಕನ್ಯೆ ನೋಡಲು ಬಂದವರು ‘ಒಂದು ಪದಾ ಅನ್ನವಾ’ ಎನ್ನುವುದು ರೂಢಿ. ಆ ಒಂದು ಪದಕ್ಕಾಗಿಯೇ ಮಾಸ್ತರರು. ಪದ ಬಂತು, ಲಗ್ನ ಗಟ್ಟಿಯಾಯಿತು, ಪಾಠ ಮುಗಿಯಿತು. ನಲವತ್ತೊಂದು ಶಿಷ್ಯೆಯರು, ನಲವತ್ತೊಂದು ಮದುವೆಯೂಟ. ಒಬ್ಬಳೂ ಎರಡನೆಯ ಹಾಡು ಕಲಿತವಳಲ್ಲ.

ನಲವತ್ತೆರಡನೆಯವಳು ಬಾಳವ್ವ. ಐದು ವರ್ಷದಲ್ಲಿ ಹದಿನಾಲ್ಕು ರಾಗ ನುಂಗಿ ಕುಳಿತವಳು. ಅವಳು ಧಾರವಾಡದ ರೇಡಿಯೋದಲ್ಲಿ ಹಾಡಬೇಕು, ತಾವು ಚಹಾದಂಗಡಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತು ‘ನನ್ನ ಶಿಷ್ಯೆ’ ಎನ್ನಬೇಕು. ಮಾಸ್ತರರಿಗೆ ಉಳಿದಿದ್ದ ಆಸೆ ಇದೊಂದೇ. ಶಿರಾ ತಿಂದು ಹೋಗುವ ಬೀಗರಿಗೆ ಅದನ್ನು ಬಿಟ್ಟುಕೊಡುವುದೇ?

ಸಂಜೆಯ ಹೊತ್ತಿಗೆ ಬೇಸೂರು ಬಾಯಿಪಾಠವಾಯಿತು. ತಪ್ಪುವುದು ಇಷ್ಟು ಕಷ್ಟದ ವಿದ್ಯೆ ಎಂದು ಮಾಸ್ತರರಿಗೂ ಗೊತ್ತಿರಲಿಲ್ಲ.

ಹೊರಡುವಾಗ ಗೋಣೆಪ್ಪ ಬಾಗಿಲಲ್ಲಿ ತಡೆದ. “ಮಾಸ್ತರ, ನಾಳೆ ನೀವೂ ಇರಬೇಕ ನೋಡ್ರಿ. ಆ ಕರೀ ಕೋಟು ಹಾಕ್ಕೊಂಡ ಬರ್ರಿ.”

“ನನಗ್ಯಾಕ್ರಿ ಕೋಟು? ಬರೋರು ಯಾರಂತ ಆದ್ರೂ ಹೇಳ್ರಿ.”

“ಹೇಳಬಾರದಂತ ಮಾತಾಗೈತ್ರಿ,” ಎಂದು ಗೋಣೆಪ್ಪ ಮೀಸೆಯೊಳಗೇ ನಕ್ಕ.

ಮರುದಿನ ಬಂದವರು ಮೂವರು. ರುಮಾಲು ಸುತ್ತಿದ ದಪ್ಪನೆಯವರು, ಟೋಪಿಯ ತೆಳ್ಳನೆಯವರು, ಚಷ್ಮಾ ಹಾಕಿದ ಒಬ್ಬ ಹೆಂಗಸು. ಗಂಡಿನ ಸುಳಿವಿಲ್ಲ; ನಾಚಿ ಊರಲ್ಲೇ ಉಳಿದಿರಬೇಕು. ಹುಡುಗಿಯ ವಯಸ್ಸು ಕೇಳಲಿಲ್ಲ. ನಡೆಸಿ ನೋಡಲಿಲ್ಲ. ಜಡೆಯ ಉದ್ದದ ಗೊಡವೆಗೇ ಹೋಗಲಿಲ್ಲ. ಹೊಸ ಕಾಲದ ಬೀಗರು, ಎಂದುಕೊಂಡರು ಮಾಸ್ತರರು.

“ಎಷ್ಟ ವರ್ಷಾತವಾ ಕಲಿಯಾಕ ಹತ್ತಿ?” ಚಷ್ಮಾದವರು ಕೇಳಿದರು.

“ಐದ್ರಿ.”

“ಇವರ ಹತ್ತರನ?”

“ಹೌದ್ರಿ. ಎಲ್ಲಾ ಇವರ ಕಲಿಸ್ಯಾರ್ರಿ.”

“ಹಾಡು ನೋಡೋಣು.”

ಬಾಳವ್ವ ಕಣ್ಣು ಮುಚ್ಚಿದಳು. ಮೊದಲ ಸಾಲಿನಲ್ಲೇ ಮಧ್ಯಮ ಹಚ್ಚಿದಳು. ಎರಡನೆಯದರಲ್ಲಿ ಭೂಪಕ್ಕೆ ಅಷ್ಟೇ ಸಲ್ಲದ ನಿಷಾದವನ್ನೂ ಕರೆತಂದಳು. ಅದು ಪಾಠದಲ್ಲಿ ಇರಲಿಲ್ಲ, ಹುಡುಗಿಯ ಸ್ವಂತ ಪ್ರತಿಭೆ. ಮೊಳಕಾಲ ಮೇಲೆ ತಾಳ ಹಾಕುತ್ತಿದ್ದ ಚಷ್ಮಾದವರ ಬೆರಳು ನಿಂತುಬಿಟ್ಟಿತು. ದಪ್ಪನೆಯವರು ಶಿರಾದ ತಟ್ಟೆ ಕೆಳಗಿಟ್ಟರು. ಗೋಣೆಪ್ಪನ ಬಾಯಿ ತೆರೆದದ್ದು ಮುಚ್ಚಲಿಲ್ಲ.

“ಮಾಸ್ತರ, ಇದು ಯಾವ ರಾಗರಿ?” ತೆಳ್ಳನೆಯವರು ಮೆಲ್ಲಗೆ ಕೇಳಿದರು.

“ಭೂಪ್ರಿ.”

“ನೀವ ಹಿಂಗ ಹೇಳಿಕೊಟ್ಟೀರಿ?”

“ಒಂದೊಂದು ಸ್ವರಾನೂ ನಾನ ತಿದ್ದೀನ್ರಿ,” ಎಂದರು ಮಾಸ್ತರರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮೂವರೂ ಮುಖ ಮುಖ ನೋಡಿಕೊಂಡರು. ಬಸ್ಸಿನ ಹೊತ್ತಾಯಿತು ಎಂದು ಎದ್ದರು. ಹೊಸಿಲು ದಾಟುವಾಗ ಚಷ್ಮಾದವರು ಬಾಳವ್ವನ ಬೆನ್ನು ಸವರಿ, “ಹುಡುಗೀದೇನೂ ತಪ್ಪಿಲ್ಲ ಬಿಡ್ರಿ. ದನಿ ಚಲೋ ಐತಿ,” ಎಂದರು.

ಗೆದ್ದೆವು! ಅಡುಗೆಮನೆಯಲ್ಲಿ ಬಾಳವ್ವ ಸೆರಗು ಬಾಯಿಗೊತ್ತಿ ನಗುವುದು ಕೇಳಿಸುತ್ತಿತ್ತು. ಗೋಣೆಪ್ಪ ಮಾತ್ರ ತಲೆಯ ಮೇಲೆ ಕೈ ಹೊತ್ತು ಕಟ್ಟೆಯ ಮೇಲೆ ಕುಸಿದಿದ್ದ. ಮಾಸ್ತರರಿಗೆ ಪಾಪವೆನಿಸಿತು. ಪಕ್ಕದಲ್ಲಿ ಕುಳಿತು ಅವನ ಹೆಗಲ ಮೇಲೆ ಕೈಯಿಟ್ಟರು.

“ಮನಸಿಗೆ ಹಚ್ಚಿಕೋಬ್ಯಾಡ್ರಿ ಗೋಣೆಪ್ಪ. ಈ ಸಂಬಂಧ ಹೋದ್ರ ಹೋಗ್ಲಿ. ಗಂಡುಗಳಿಗೇನು ಬರಗಾಲ?”

“ಯಾವ ಗಂಡ್ರಿ?” ಗೋಣೆಪ್ಪ ತಲೆಯೆತ್ತಿದ. “ನರಗುಂದದಾಗ ಹೆಣ್ಣಮಕ್ಕಳ ಹೊಸಾ ಸಾಲಿ ತೆಗಿಯಾಕತ್ತಾರ್ರಿ, ಈಗ ಬಂದ ಹೋದ್ರಲ್ಲಾ, ಅವರು. ಖಾಯಂ ಸಂಗೀತ ಮಾಸ್ತರ ಬೇಕಂದ್ರು, ನಾ ನಿಮ್ಮ ಹೆಸರ ಹೇಳಿದ್ದೆ. ಬಾಳವ್ವನ್ನೂ ನಮ್ಮಕ್ಕನ ಮನ್ಯಾಗಿಟ್ಟು ಅಲ್ಲೇ ನಿಮ್ಮ ಕೈಯಾಗ ಮುಂದ ಕಲಸಾಂವ ಇದ್ದೆ.”

ಮಾಸ್ತರರ ಕೈ ಅವನ ಹೆಗಲ ಮೇಲೆಯೇ ಉಳಿಯಿತು.

“‘ಮಾಸ್ತರಿಗೆ ಮೊದಲ ತಿಳಸಬ್ಯಾಡ್ರಿ,’ ಅಂದಿದ್ರು. ‘ಅವರು ಹ್ಯಾಂಗ ಕಲಸ್ತಾರ ಅನ್ನೋದು ಶಿಷ್ಯೆ ಬಾಯಾಗ ಕೇಳತೀವಿ.’”