ಚಿತ್ರದಲ್ಲಿದ್ದಷ್ಟು ಪನೀರು

ಭೀಮರಾಯ ಡಬ್ಬಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ತನಿಖೆ ಶುರು ಮಾಡಿದ. ಮೇಲಿನ ಚಿತ್ರದಲ್ಲಿ ಪನೀರು ಇಟ್ಟಿಗೆಯ ಹಾಗೆ ಪೇರಿಸಿತ್ತು. ಅದರ ಮೇಲೆ ಕೆನೆ, ಕೊತ್ತಂಬರಿ. ಪಕ್ಕದಲ್ಲಿ ಹಲ್ಲು ಕಿರಿಯುವ ಒಂದು ಸಂಸಾರ. ತಟ್ಟೆಯಲ್ಲಿ ಇದ್ದದ್ದು ಮಾತ್ರ ಕೆಂಪು ನೀರು. ಚಮಚದಿಂದ ತಡಕಾಡಿದಾಗ ಒಂದು ತುಂಡು ಪನೀರು ತಲೆ ಎತ್ತಿ, ಅವನ ಮುಖ ನೋಡಿ, ಮತ್ತೆ ಮುಳುಗಿತು.

“ಹೆಂಗೈತ್ರಿ?” ಅಂದಳು ಹೆಂಡತಿ ರುಕ್ಮಿಣಿಬಾಯಿ.

“ಏ, ಭಾರಿ ಐತಿ,” ಅಂದ ಭೀಮರಾಯ. ಅವನಿಗೆ ಸೋಲುವ ಅಭ್ಯಾಸ ಇರಲಿಲ್ಲ.

ಜಗಳಕ್ಕೆ ಮೂಲ ಸಾರು. ಹಿಂದಿನ ದಿನ ಅವನು ಗ್ರಾಂಟ್ ರೋಡಿನ ಬಟ್ಟೆ ಅಂಗಡಿಯಿಂದ ಬೊರಿವಲಿಯವರೆಗೆ ಲೋಕಲ್‌ನಲ್ಲಿ ನಿಂತೇ ಬಂದಿದ್ದ. ಸಾರಿಗೆ ಉಪ್ಪು ಜಾಸ್ತಿ ಬಿದ್ದಿತ್ತು. “ಇದಕಿಂತ ಆ ಫ್ರೋಜನ್ ಊಟ ಚಲೋ. ನಮ್ಮ ಅಂಗಡಿ ಸಂತು ದಿನಾ ಅದನ್ನ ತಿಂತಾನ. ಹೆಂಗ ಗುಂಡಗ ಆಗ್ಯಾನ ನೋಡು!” ಅಂದುಬಿಟ್ಟ. 

ಈ ಸಂಜೆ ಬಂದು ನೋಡಿದರೆ ಒಲೆ ತಣ್ಣಗೆ. ಫ್ರಿಜ್ಜಿನ ಮೇಲಿನ ಖಾನೆಯ ತುಂಬ ಫ್ರೋಜನ್ ಊಟದ ಡಬ್ಬಿ. ಅವಳ ಕೂದಲು ಇನ್ನೂ ಒದ್ದೆ.

“ಎಲ್ಲಿ ಹೋಗಿದ್ದಿ?”

“ಪಾರ್ಲೆಕ್ಕ.”

“ಡಬ್ಬಿ ತರಾಕ ಅಲ್ಲಿತನಕ?”

“ಬರೂಮುಂದ ತಂದೆ.”

ದೀಪಾವಳಿಗೆ ಅಂಗಡಿಯ ಸೇಠ್ ಕೊಟ್ಟ ಮೈಕ್ರೊವೇವ್ ಅಲ್ಲಿವರೆಗೆ ಬೆಳ್ಳುಳ್ಳಿ ಇಡುವ ಕಪಾಟಾಗಿತ್ತು. ಈಗ ಬೆಳ್ಳುಳ್ಳಿ ಹೊರಗೆ ಬಿದ್ದು, ಮೈಕ್ರೊವೇವ್ ನೌಕರಿಗೆ ಸೇರಿತ್ತು. ಸೇಡು ಅಂದರೆ ಇದು ಅಂದುಕೊಂಡ ಭೀಮರಾಯ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡವನಲ್ಲ ಅವನು. ತಿಂದೇ ತೋರಿಸುತ್ತೇನೆ ಅಂತ ಕೂತ.

ತಿಂದ. ಬಿರಿಯಾನಿಯ ಚಿತ್ರದಲ್ಲಿ ಅಕ್ಕಿ ಕಾಳು ಕಾಳಾಗಿ ನಿಂತಿತ್ತು. ತಟ್ಟೆಯಲ್ಲಿ ಅದು ಕಿಕ್ಕಿರಿದ ವಿರಾರ್ ಫಾಸ್ಟ್ ರೈಲಿನ ಪ್ಯಾಸೆಂಜರುಗಳ ಹಾಗೆ ಒಂದರ ಮೈಗೆ ಒಂದು ಅಂಟಿಕೊಂಡಿತ್ತು. ಪರಾಠಾಕ್ಕೂ ಅದರ ರಟ್ಟಿಗೂ ಇದ್ದ ವ್ಯತ್ಯಾಸ ಇಷ್ಟೇ: ರಟ್ಟು ಸ್ವಲ್ಪ ಮೆತ್ತಗಿತ್ತು. ಡಬ್ಬಿಯ ಹಿಂದೆ, ಇರುವೆ ಓದುವ ಅಕ್ಷರದಲ್ಲಿ, ಚಿತ್ರ ಬರೀ ತೋರಿಕೆಗೆ ಅಂತ ಬರೆದಿತ್ತು.

ಅವಳು ಡಬ್ಬಿಗಳನ್ನು ಚಿತ್ರ ಕೆಳಗೆ ಮಾಡಿ ಇಡುತ್ತಿದ್ದಳು. ನಾಚಿಕೆ ಆಗಿರಬೇಕು ಅಂದುಕೊಂಡ. ಒಂದು ದಿನ ತಡೆಯಲಾರದೆ ಕೆಣಕಿದ: “ಚಿತ್ರದಾಗ ಇದ್ದಷ್ಟು ಪನೀರು ಒಳಗಿಲ್ಲ, ನೋಡಿದಿ?”

“ಚಿತ್ರದಾಗ ಇದ್ದವ್ರೆಲ್ಲಾ ಮನ್ಯಾಗ ಇರ್ತಾರೇನ್ರಿ?” ಅಂದು ಅವಳು ತಟ್ಟೆ ಎತ್ತಿಕೊಂಡು ಹೋದಳು. ಅವಳ ಪಾಲು ಹಾಗೇ ಉಳಿದಿತ್ತು.

ಸಿಟ್ಟು ಅಡುಗೆಮನೆ ದಾಟಿ ಹರಡತೊಡಗಿತು. ದೇವರ ಮುಂದೆ ದೀಪ ಇಲ್ಲ. ಮಂಚ ಬಿಟ್ಟು ನೆಲದ ಮೇಲೆ ಚಾಪೆ. ಎದುರುಮನೆಯ ರಂಜನಾ ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು ನಾಮಕರಣಕ್ಕೆ ಕರೆಯಲು ಬಂದಳು. “ಮಾವಶಿ, ಝೂಲಾ ಪೆಹಲೇ ಆಪ್ ಹೀ ಹಿಲಾನಾ!” ಅಂದಳು, ತೊಟ್ಟಿಲನ್ನು ಮೊದಲು ಇವಳೇ ತೂಗಬೇಕು ಅಂತ. ಕೂಸನ್ನು ಮುಂದೆ ಚಾಚಿದಳು. ದಿನಾ ಆ ಕೂಸಿನ ಕೆನ್ನೆ ಹಿಂಡುತ್ತಿದ್ದ ರುಕ್ಮಿಣಿಬಾಯಿ ಹಿಂದೆ ಸರಿದು ಗೋಡೆಗೆ ಒರಗಿದಳು. ಬರುವುದಿಲ್ಲ ಅಂತ ಕೈ ಆಡಿಸಿದಳು. ಬಿಲ್ಡಿಂಗಿನ ಮುಂದೆ ತನ್ನ ಮಾನ ಕಳೆಯುವುದೇ ಇವಳ ಹಂಚಿಕೆ ಅಂತ ಭೀಮರಾಯನಿಗೆ ಖಾತ್ರಿಯಾಯಿತು. ಆ ಬಿಲ್ಡಿಂಗಿನಲ್ಲಿ ಅವನ ಮಾನ ಭದ್ರವಾಗಿತ್ತು. ನಿಮಗೆ ಮಕ್ಕಳೆಷ್ಟು ಅಂತ ಕೇಳಿದವರೂ ಅಲ್ಲಿ ಎರಡನೇ ಸಲ ಕೇಳುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಚಹಾ ತಾನೇ ಮಾಡಿಕೊಳ್ಳೋಣ ಅಂತ ಗ್ಯಾಸ್ ತಿರುಗಿಸಿ ಲೈಟರ್ ಎತ್ತಿದ. ಅವಳು ಓಡಿ ಬಂದಳು. ಕಿಡಿ ಹಾರುವ ಮೊದಲೇ ಗ್ಯಾಸಿನ ಗುಬ್ಬಿ ತಿರುವಿ ಬಂದ್ ಮಾಡಿದಳು. 

“ಹಚ್ಚಬ್ಯಾಡ್ರಿ. ನಿಮ್ಮ ಕಾಲು ಬೀಳ್ತೀನಿ.”

ಕಾಲು ಬೀಳುವ ಸಿಟ್ಟನ್ನು ಭೀಮರಾಯ ಇದುವರೆಗೆ ಕಂಡಿರಲಿಲ್ಲ. ಸ್ಟೇಷನ್ ಹೊರಗೆ ಅರ್ಧ ಗ್ಲಾಸಿನ ಕಟಿಂಗ್ ಚಹಾ ಹಿಡಿದು ನಿಂತ.  ಮದುವೆಯಾಗಿ ಬಂದಾಗಿನಿಂದ ಅವನು ಎಚ್ಚರಾಗುತ್ತಿದ್ದದ್ದು ಅವಳು ರೊಟ್ಟಿ ಬಡಿಯುವ ಸದ್ದಿಗೆ. ಈಗ ಎಚ್ಚರಾದರೂ ಎದ್ದಂತೆ ಅನ್ನಿಸುತ್ತಿರಲಿಲ್ಲ. ಇವಳು ಇನ್ನು ಯಾವತ್ತೂ ತನಗೆ ಬಡಿಸದೇ ಹೋದರೆ? ಒಂದೇ ಮನೆಯಲ್ಲಿ ಇದ್ದೂ ಬಿಟ್ಟು ಹೋದರೆ? ಹೊಟ್ಟೆಯೊಳಗೆ ತಣ್ಣನೆಯದೇನೋ ಕೂತುಕೊಂಡಿತು. ಈ ಸಲ ಅದು ಬಿರಿಯಾನಿ ಅಲ್ಲ.

ಭಾನುವಾರ ಅವನು ಸೋತ. ಮೈಕ್ರೊವೇವ್ ಕುಯ್ಯೆಂದು ನಿಂತಿತು. ಅವಳು ಡಬ್ಬಿ ತಂದು ಅವನ ಮುಂದೆ ಇಟ್ಟಳು. ಮುಖ ಒಣಗಿ ಎಲೆಯಾಗಿತ್ತು. ಕಣ್ಣಿನ ಸುತ್ತ ಊದಿತ್ತು. ಅದನ್ನು ಅವನು ಸರಿಯಾಗಿ ನೋಡಿದ್ದು ಆವಾಗಲೇ. ಡಬ್ಬಿಯನ್ನು ಆಚೆ ಸರಿಸಿದ.

“ರುಕ್ಮಾ, ಕೂಡು ಇಲ್ಲೆ.”

ಅವಳು ಕೂತಳು.

“ನಂದ ತಪ್ಪಾತು.” ಆ ಮಾತು ಬಾಯಲ್ಲಿ ಹೊಸ ಹಲ್ಲಿನ ಸೆಟ್ಟಿನ ಹಾಗೆ ಅಲುಗಾಡಿತು. ಆದರೂ ಬಿಡಲಿಲ್ಲ. “ನಿನ್ನ ಸಾರಿಗೆ ನಾ ಹಂಗ ಅನ್ನಬಾರದಿತ್ತು. ಇನ್ನರ ಸಿಟ್ಟು ಬಿಡು. ಒಲಿ ಹಚ್ಚು.”

ರುಕ್ಮಿಣಿಬಾಯಿ ಅವನನ್ನೇ ನೋಡಿದಳು. ಪರಭಾಷೆಯ ಮಾತು ಕೇಳಿದವಳ ಹಾಗೆ ನೋಡಿದಳು.

“ಯಾವ ಸಾರು?”

ಅವನು ತಣ್ಣಗಿದ್ದ ಒಲೆಯ ಕಡೆ ಕೈ ತೋರಿಸಿದ.

“ಊರಾಗಾಗಿದ್ರ ನೆರಿಮನಿಯವ್ರು ಅನ್ನ ಮಾಡಿ ತಂದು ಕೊಡ್ತಿದ್ರು, ಸೂತಕದ ಮನ್ಯಾಗ ಒಲಿ ಹಚ್ಚಬಾರದಂತ,” ಅಂದಳು ಅವಳು, ಸೆರಗನ್ನು ಬಾಯಿಗೆ ಒತ್ತಿಕೊಂಡು. “ಇಲ್ಲೆ ನಾ ಯಾರಿಗೆ ಹೇಳ್ಲಿ? ಮಗಳ ಹೆಸರು ಈ ಮನ್ಯಾಗ ಎತ್ತಬ್ಯಾಡ ಅಂತ ನೀವು ಆಣಿ ಹಾಕೀರಿ. ಪಾರ್ಲೆದಾಗ ನಮ್ಮ ಸಪ್ನಾ ತೀರಿಕೊಂಡ್ಲು ಅಂತ ನಿಮಗರ ಹೆಂಗ ಹೇಳ್ಲಿ?”