ಮೂವತ್ತೊಂದನೆಯ ಪ್ರತಿ

“ರೀ, ನಿಮ್ಮ ದೆವ್ವದ ಪುಸ್ತಕ ಕೇಳ್ಕೊಂಡು ಯಾರೋ ಬಂದಿದಾರೆ, ಕೆಳಗೆ ಬನ್ನಿ!” ಎಂದು ಮಾರ್ಲಿಸ್ ಕೂಗಿದಾಗ ಆರ್ವಿಡ್ ಹೋಲ್ಮ್ ಎಂದಿನಂತೆ, “ದೆವ್ವದ್ದಲ್ಲ ಮಾರಾಯ್ತಿ, ಮನಸ್ಸಿನೊಳಗಿನ ಭಯದ್ದು,” ಎಂದು ತಿದ್ದುತ್ತಲೇ ಮೆಟ್ಟಿಲಿಳಿದ. ಬಾಗಿಲಲ್ಲಿ ನಿಂತು ಬೂಟಿನ ಹಿಮ ಕೊಡವುತ್ತಿದ್ದ ಹೆಂಗಸು ತಲೆಯೆತ್ತಿ ತನ್ನ ಹೆಸರು ಹೇಳಿದ್ದೇ ತಡ, ಅವನ ಕಾಲು ಕೊನೆಯ ಮೆಟ್ಟಿಲಲ್ಲೇ ನಿಂತಿತು.

“ನಾನು ಕೋರಾ. ಥೀಯಾ ತಂಗಿ. ಹೇಳದೆ ಕೇಳದೆ ಬಂದ್ಬಿಟ್ಟೆ, ಬೇಜಾರ್ ಮಾಡ್ಕೋಬೇಡಿ.”

ಆ ಕಾದಂಬರಿಯ ವಿಶೇಷ ಆವೃತ್ತಿಗೆ ಚಿತ್ರ ಬರೆದವಳು ಥೀಯಾ. ಅಚ್ಚಾದದ್ದು ಬರೀ ನೂರು ಪ್ರತಿ. ಚರ್ಮದ ರಟ್ಟು, ಚಿನ್ನದ ಅಂಚು, ಒಂದೊಂದಕ್ಕೂ ಒಂದು ಸಂಖ್ಯೆ. ಬೈಂಡಿಂಗಿಗೆ ಮೊದಲೇ, ಪ್ರತಿಗೊಂದರಂತೆ ಸಹಿಗೆಂದು ಬಿಡಿ ಹಾಳೆಗಳ ಕಟ್ಟು ಅವಳಿದ್ದ ಆಸ್ಪತ್ರೆಗೆ ಹೋಗಿತ್ತು. ಹಾಸಿಗೆಯಲ್ಲಿ ಕೂತೇ ನೂರಕ್ಕೂ ಸಹಿ ಹಾಕಿದ್ದಳು. “ಒಂದು ಹಾಳೆಯ ಬೆನ್ನಿಗೆ ನಿನ್ನ ಚಿತ್ರ ಬರೆದಿದ್ದೀನಿ, ಹುಡುಕ್ಕೋ,” ಎಂದು ತಂಗಿಗೆ ಹೇಳಿ, ಪುಸ್ತಕ ಹೊರಬರುವ ಮೊದಲೇ ತೀರಿಕೊಂಡಳು. ಅದು ಯಾವ ಪ್ರತಿಗೆ ಸೇರಿತೆಂದು ಪ್ರಕಾಶಕರಿಗೂ ತಿಳಿಯದು. ಕೋರಾ ನೂರೂ ಜನಕ್ಕೆ ಪತ್ರ ಬರೆದಿದ್ದಳು. ಮೂವತ್ತೊಂದನೆಯ ಪ್ರತಿಯ ಒಡೆಯ ಆರ್ವಿಡ್ ಉತ್ತರಿಸಿದ್ದ: “ಸಹಿಯ ಹಾಳೆಯ ಎರಡೂ ಬದಿ ಗಮನವಿಟ್ಟು ನೋಡಿದೆ. ಏನೂ ಇಲ್ಲ. ವಿಷಾದ.”

ಅವನು ನೋಡಿರಲಿಲ್ಲ. ಪುಸ್ತಕ ಬಂದ ದಿನದ ಪ್ಲಾಸ್ಟಿಕ್ ಹೊದಿಕೆಯಲ್ಲೇ, ಗಾಜಿನ ಬೀರುವಿನಲ್ಲಿ ಇತ್ತು. ಹೊದಿಕೆ ಹರಿದರೆ ಬೆಲೆ ಅರ್ಧಕ್ಕಿಳಿಯುತ್ತದೆ; ಪುಸ್ತಕ ಕೂಡಿಡುವ ಹುಚ್ಚಿನವರೆಲ್ಲ ಬಲ್ಲ ಮಾತು ಅದು. ನೂರರಲ್ಲಿ ಒಂದು ಪಾಲು ಸಾಧ್ಯತೆಗೆ ಯಾಕೆ ಹರಿಯಬೇಕು? ಮೂವತ್ತೈದು ವರ್ಷ ಔಷಧದಂಗಡಿಯಲ್ಲಿ ಒಂದು ಮಾತ್ರೆ ಹೆಚ್ಚು ಕಡಿಮೆ ಮಾಡದವನು ಅಂದು ಲೆಕ್ಕ ಹಾಕಿದ್ದು ಹೀಗೆ.

“ತೊಂಬತ್ತೊಂಬತ್ತು ಜನ ಇಲ್ಲ ಅಂದ್ರು,” ಕೋರಾ ಕಾಫಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ನೀವೂ ಇಲ್ಲ ಅಂದ್ರಿ. ಹಾಗಾದ್ರೆ ಅಕ್ಕ ಸುಳ್ಳು ಹೇಳಿದ್ಲು ಅಂತ ಆಯ್ತಲ್ಲ. ಸಾಯೋ ಹೊತ್ನಲ್ಲಿ ನನಗೆ ಯಾಕೆ ಸುಳ್ಳು ಹೇಳ್ತಾಳೆ? ಅದಕ್ಕೇ ಹತ್ತಿರದ ಊರಿನವರ ಪ್ರತಿಗಳ್ನ ಕಣ್ಣಾರೆ ನೋಡ್ಕೊಂಡು ಬರ್ತಿದೀನಿ. ಹದಿನಾರು ಮನೆ ಆಯ್ತು. ನಿಮ್ಮದೇ ಕೊನೇದು.”

“ಅಯ್ಯೋ, ತೋರಿಸ್ತಾರೆ ಬಿಡಿ,” ಎಂದು ಮಾರ್ಲಿಸ್ ನಿಂಬೆಯ ಸಿಹಿಯ ತಟ್ಟೆ ಅವಳತ್ತ ಸರಿಸಿದಳು. “ನನಗಾದ್ರೆ ಗಾಜಿನಾಚೆಯಿಂದ ಮಾತ್ರ ದರ್ಶನ. ಓದೋದಕ್ಕೆ ಅಂತ ಇನ್ನೊಂದು ಅಗ್ಗದ ಪ್ರತಿ ತರ್ತಾರೆ, ಗೊತ್ತಾ? ಮದುವೆ ಬಟ್ಟೆ ಪೆಟ್ಟಿಗೇಲಿಟ್ಟು ಹಳೇದು ಹಾಕ್ಕೊಂಡು ಓಡಾಡಿದ ಹಾಗೆ.”

ಮದುವೆ ಬಟ್ಟೆಯ ಮಾತಿಗೆ ಕೋರಾ ನಕ್ಕಳು. ಆರ್ವಿಡ್ ನಗಲಿಲ್ಲ. “ತರ್ತೀನಿ,” ಎಂದು ಎದ್ದ.

ಮೇಲಿನ ಕೋಣೆಯ ಬಾಗಿಲು ಹಾಕಿ, ಬ್ಲೇಡಿನಿಂದ ಹೊದಿಕೆಯನ್ನು ಒಂದೇ ಗೆರೆಗೆ ಸೀಳಿ, ಪ್ಲಾಸ್ಟಿಕ್ಕನ್ನು ಮಡಚಿ ಕಸದ ಬುಟ್ಟಿಯ ತಳಕ್ಕೆ ತುರುಕಿದ. ಹೊಸ ಚರ್ಮದ ವಾಸನೆ ಬಡಿಯಿತು. ಈಗಲೇ ತೆರೆದು ನೋಡಿಬಿಡಬಹುದಿತ್ತು. ಬೆರಳು ರಟ್ಟಿನ ಮೇಲೆ ಹೋಯಿತು, ಹಿಂದೆ ಬಂತು. ಚಿತ್ರ ಇಲ್ಲದೇ ಇರಲಿ, ದೇವರೇ, ಇಲ್ಲದೇ ಇರಲಿ ಎಂದು ಅವನ ಮನಸ್ಸು ಬೇಡಿಕೊಳ್ಳುತ್ತಿತ್ತು. ಏನು ಬೇಡುತ್ತಿದ್ದೇನೆ ಎಂಬುದು ತಿಳಿದಾಗ ಕಿವಿಯ ತುದಿ ಬಿಸಿಯಾಯಿತು.

ಕೋರಾ ಕೈಯೊರೆಸಿಕೊಂಡು, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ರಟ್ಟು ಎತ್ತಿದಳು. ಬೆನ್ನು ಕಿರುಗುಟ್ಟಿತು. ಮೊದಲ ಹಾಳೆ ಎತ್ತಲು ಹೋದರೆ ಏಳಲಿಲ್ಲ. ಚಿನ್ನದ ಲೇಪಕ್ಕೆ ಹಾಳೆಗಳ ಅಂಚುಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಅವಳು ಉಗುರು ತೂರಿಸಿ ಮೆಲ್ಲಗೆ ಎಳೆದಳು. ಚರ್ರ್ ಎಂದು ಬಿಟ್ಟುಕೊಂಡಿತು. ಮುಂದಿನದೂ ಚರ್ರ್ ಎಂದಿತು. ಚಿನ್ನದ ಪುಡಿ ಅವಳ ಕಪ್ಪು ಲಂಗದ ಮೇಲೆ ಉದುರಿತು. ಯಾರೂ ಎಂದೂ ತೆರೆಯದ ಪುಸ್ತಕ ಮೊದಲ ಸಲ ತೆರೆದಾಗ, ಒಮ್ಮೆ ಮಾತ್ರ ಮಾಡುವ ಸದ್ದು ಅದು. ಹದಿನಾರು ಮನೆಗಳಲ್ಲಿ ಇದೇ ಹಾಳೆ ತಿರುವಿ ಬಂದವಳ ಬೆರಳು ಅರೆಕ್ಷಣ ನಿಂತಿತು. ಕಾಫಿ ಬಗ್ಗಿಸುತ್ತಿದ್ದ ಮಾರ್ಲಿಸಳ ಕೈಯೂ ನಿಂತಿತು. ಆರ್ವಿಡ್ ನೆಲಹಾಸಿನ ಅಂಚು ನೋಡುತ್ತಿದ್ದ.

ಕೋರಾ ಸಹಿಯ ಹಾಳೆ ಮಗುಚಿದಳು.

ಆಸ್ಪತ್ರೆಯ ಕುರ್ಚಿಯಲ್ಲಿ ಒಬ್ಬ ಹೆಂಗಸು ನಿದ್ದೆ ಹೋಗಿದ್ದಳು. ಬಾಯಿ ತೆರೆದಿತ್ತು, ಒಂದು ಕಾಲಿನ ಬೂಟು ಕಳಚಿತ್ತು, ಹೆಣಿಗೆ ಮಡಿಲಿಂದ ಜಾರಿತ್ತು. ಗಟ್ಟಿಯಾಗಿ ಒತ್ತಿ ಎಳೆದ ಪೆನ್ಸಿಲ್ ಗೆರೆಗಳು ಕಾಡಿಗೆಯಷ್ಟು ಕಪ್ಪಾಗಿದ್ದವು. ಕೆಳಗೆ, “ನನ್ನ ಕಾವಲಿಗೆ ಕೂತವಳು.”

“ಥೂ, ಬಾಯಿ ನೋಡಿ, ಗವಿ ಹಾಗೆ!” ಕೋರಾ ನಕ್ಕಳು. ನಗು ಅರ್ಧದಲ್ಲೇ ಬೇರೇನೋ ಆಯಿತು. ಬಹಳ ಹೊತ್ತು ಅಂಗೈಯಿಂದ ಮುಖ ಮುಚ್ಚಿಕೊಂಡಿದ್ದಳು. ಆಮೇಲೆ ಮೂಗೊರೆಸಿಕೊಂಡು, ಆರ್ವಿಡ್‌ನ ಕಡೆ ನೋಡದೆ ಮೃದುವಾಗಿ ಹೇಳಿದಳು:

“ಗೆರೆ ತೀರಾ ತೆಳು ಅಲ್ವಾ, ಹೋಲ್ಮ್ ಅವರೇ? ನೀವು ನೋಡಿದಾಗ ಬೆಳಕು ಸಾಲದೆ ಹೋಗಿರ್ಬೇಕು.”

ಆರ್ವಿಡ್ ತಲೆಯಾಡಿಸಿದ. “ಹೌದು,” ಎಂದ. “ಇಲ್ಲಿ ಬೆಳಕು ಸ್ವಲ್ಪ ಕಡಿಮೆ.”

ಮಾರ್ಲಿಸ್ ಎದ್ದು ಹೋಗಿ, ಹಿಮದ ಮೇಲಿಂದ ಪುಟಿದ ಮಧ್ಯಾಹ್ನದ ಬಿಸಿಲು ಗೋಡೆಗೋಡೆಗೂ ತುಂಬಿದ್ದ ಆ ಕೋಣೆಯಲ್ಲಿ ದೀಪ ಹಾಕಿದಳು.