ನೀಲಿ ಬಾಲದ ಇಲಿಗಳು

ಇಲಿಗಳು ಸತ್ತ ಸುದ್ದಿ ಹೊತ್ತು ನಳಿನಿ ಏದುಸಿರು ಬಿಡುತ್ತ ಒಳಗೆ ಬಂದಾಗ ಪ್ರಯೋಗಾಲಯದ ನಿರ್ದೇಶಕರು ಬಿಸಿ ಬಿಸಿ ಬಜ್ಜಿ ತಿನ್ನುತ್ತಿದ್ದರು. ಕಂಪನಿಯೊಂದು ಪರೀಕ್ಷೆಗೆ ಕಳಿಸಿದ್ದ ಗಿಡಮೂಲಿಕೆ ಎಣ್ಣೆಯ ಮೇಲೆ ಅವರಿಗೆ ಮೊದಲಿನಿಂದಲೂ ನಂಬಿಕೆಯಿರಲಿಲ್ಲ. ಅದನ್ನು ಕುಡಿಸಿದ ಇಲಿಗಳ ಬಾಲಕ್ಕೆ ಕೆಂಪು ಬಣ್ಣ ಹಚ್ಚಿದ್ದರು. ಹೋಲಿಸಿ ನೋಡಲೆಂದು ಮಾಮೂಲಿ ಅಡುಗೆ ಎಣ್ಣೆ ಕುಡಿಸಿದವುಗಳ ಬಾಲಕ್ಕೆ ನೀಲಿ.

"ನಾನು ಹೇಳಿರ್ಲಿಲ್ವಾ? ವಿಷ ಅದು! ಇವತ್ತೇ ವರದಿ ಬರಿ."

"ಸಾರ್, ಒಂದ್ನಿಮಿಷ ಕೇಳಿ..."

"ಕೇಳೋದೇನಿದೆ? ಆ ಕಂಪನಿಗೆ ಬಾಗಿಲು ಹಾಕಿಸ್ತೀನಿ. ತಗೋ, ಬಜ್ಜಿ ತಿನ್ನು."

"ಬೇಡ ಸಾರ್. ಸತ್ತಿರೋವೆಲ್ಲ ನೀಲಿ ಬಾಲದವು."

ನಿರ್ದೇಶಕರು ಹುಬ್ಬು ಗಂಟಿಕ್ಕಿದರು. "ಸರಿಯಾಗಿ ನೋಡಿದ್ಯಾ?"

"ಎರಡೆರಡು ಸಲ ನೋಡ್ದೆ. ಕೆಂಪು ಬಾಲದವು ಆರಾಮಾಗಿ ಓಡಾಡ್ಕೊಂಡಿವೆ."

"ಅಡುಗೆ ಎಣ್ಣೆ ಕುಡಿದು ಇಲಿ ಸಾಯುತ್ತೇನಮ್ಮ?" ನಿರ್ದೇಶಕರು ರೇಗಿದರು. "ಯಾವುದೋ ದರಿದ್ರ ಅಂಗಡಿಯಿಂದ ಕಲಬೆರಕೆ ಮಾಲು ತಂದಿರ್ತೀಯ. ಎಲ್ಲಿಂದ ತಂದೆ, ಹೇಳು!" ಎನ್ನುತ್ತ ಕೊನೆಯ ಬಜ್ಜಿಯನ್ನೂ ಬಾಯಿಗಿಟ್ಟುಕೊಂಡರು.

"ನೀವೇ ಹೇಳಿದ್ರಲ್ಲ ಸಾರ್, ಹೊರಗಡೆಯಿಂದ ಯಾಕೆ, ನಮ್ಮ ಕ್ಯಾಂಟೀನಿನದ್ದೇ ತಗೋ ಅಂತ."